ಹಸಿರು ಶಾಲು ಕಡಲು ದಾಟಿದ ಬಗೆ

ಪ್ರೌಢಶಾಲೆಯ ಇತಿಹಾಸ ಪಾಠಗಳಲ್ಲಿ ಖಂಡಖಂಡಗಳ ನಡುವಣ ಸಂಬಂಧವೆಂಬುದು ವಾಸ್ಕೋ ಡ ಗಾಮನಿಂದ ಆರಂಭವಾಗಿ, ಈಸ್ಟ್ ಇಂಡಿಯಾ ಕಂಪನಿಯನ್ನು ಹಾದು, ವಿಶ್ವಸಂಸ್ಥೆಯಲ್ಲಿ ಮುಗಿಯುತ್ತದೆ. ಅರಸರೂ ಮಂತ್ರಿಗಳೂ ಸಹಿ ಹಾಕುತ್ತಾರೆ. ಅದರ ಫಲವನ್ನು ಜನರು ಉಣ್ಣುತ್ತಾರೆ. ಸರ್ಕಾರವೂ ಅಲ್ಲದ, ವ್ಯಾಪಾರಿ ಸಂಸ್ಥೆಯೂ ಅಲ್ಲದ ಜನಸಂಘಟನೆಗಳನ್ನು ಈಗ ನಾಗರಿಕ ಸಮಾಜವೆಂದು ಕರೆಯುವುದು ರೂಢಿ. ಅಂಥ ಸಂಘಟನೆಗಳು ಖಂಡಾಂತರ ಒಡಂಬಡಿಕೆಗಳಲ್ಲಿ ತಮ್ಮ ಮಾತನ್ನೂ ಸೇರಿಸಬಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಯಲಬುರ್ಗಾದಿಂದ ಪಶ್ಚಿಮಕ್ಕೆ ಹೊರಟು ರೋಣವನ್ನು ದಾಟಿದರೆ ನರಗುಂದ ಸಿಗುತ್ತದೆ. ಕಥೆ ಅಲ್ಲಿಂದಲೇ ಆರಂಭ.

ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ನೀರಿನ ಕರವನ್ನೂ ಬೆಟರ್‌ಮೆಂಟ್ ಲೆವಿಯನ್ನೂ ಹೇರಿದ್ದಕ್ಕೆ ಎದ್ದ ಪ್ರತಿಭಟನೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿನಲ್ಲಿ ಕೊನೆಗೊಂಡಿತು. ರೈತರು ಪ್ರಾಣ ತೆತ್ತರು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಕರ್ನಾಟಕ ರಾಜ್ಯ ರೈತ ಸಂಘವನ್ನು ಕಟ್ಟಿದರು. ಆಗ ಅದರ ಮುಂದಿದ್ದುದು ಸಾಲ, ಕರ, ಬೆಲೆ, ವಿದ್ಯುತ್ತು ಎಂಬ ಊರಮಟ್ಟದ ಪ್ರಶ್ನೆಗಳೇ.

1991ರ ಡಿಸೆಂಬರಿನಲ್ಲಿ ಗ್ಯಾಟ್ ಸಂಸ್ಥೆಯ ಮುಖ್ಯಸ್ಥ ಆರ್ಥರ್ ಡಂಕೆಲ್ ತಮ್ಮ ಕರಡನ್ನು ಮುಂದಿಟ್ಟಾಗ ಈ ಚಿತ್ರ ಬದಲಾಯಿತು. ಬೀಜದ ಮೇಲಿನ ಹಕ್ಕು, ಕೃಷಿ ಸಬ್ಸಿಡಿ, ಆಮದು ಸುಂಕ ಇವೆಲ್ಲವೂ ಇನ್ನು ಜಿನೀವಾದಲ್ಲಿ ನಿಶ್ಚಯವಾಗಲಿದ್ದವು. ಇದನ್ನು ಹಳ್ಳಿಹಳ್ಳಿಗೆ ತಿಳಿಯಾದ ಕನ್ನಡದಲ್ಲಿ ವಿವರಿಸಿದ್ದು ರೈತ ಸಂಘದ ದೊಡ್ಡ ಸಾಧನೆ. ಓದು ಬರಹ ಬಾರದ ರೈತರ ಬಾಯಲ್ಲೂ ‘ಡಂಕೆಲ್’ ಎಂಬ ಹೆಸರು ಆಡತೊಡಗಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಬೀದಿಗೆಸೆದು ಸುಟ್ಟರು. 1993ರ ಜುಲೈನಲ್ಲಿ ನೆರೆಯ ಬಳ್ಳಾರಿಯಲ್ಲಿ ಕಟ್ಟಲಾಗುತ್ತಿದ್ದ ಅದೇ ಕಂಪನಿಯ ಘಟಕವನ್ನು ಕೆಡವಿದರು. ಆ ವರ್ಷದ ಗಾಂಧಿ ಜಯಂತಿಯಂದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಡೆದ ಬೀಜ ಸತ್ಯಾಗ್ರಹದ ಬೃಹತ್ ಸಮಾವೇಶಕ್ಕೆ ಹೊರದೇಶಗಳ ರೈತ ಪ್ರತಿನಿಧಿಗಳೂ ಬಂದಿದ್ದರು. ಆಸ್ತಿಯನ್ನು ನಾಶ ಮಾಡುವುದು ಸತ್ಯಾಗ್ರಹವಾಗುತ್ತದೆಯೆ ಎಂಬ ವಾದ ಆಗಲೇ ಎದ್ದಿತ್ತು. ಜೀವಹಾನಿಯಾಗದಿದ್ದರೆ ಅದು ಹಿಂಸೆಯಲ್ಲವೆಂಬುದು ಸಂಘದ ನಿಲುವು.

1994ರ ಏಪ್ರಿಲ್‌ನಲ್ಲಿ ಮೊರಾಕ್ಕೊದ ಮರಕೇಶ್ ನಗರದಲ್ಲಿ ಸಹಿ ಬಿದ್ದೇ ಬಿತ್ತು. 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಚಳವಳಿ ಸೋತಿತೆಂದು ಹಲವರು ಭಾವಿಸಿದರು. ಆದರೆ ರೈತ ಸಂಘವು ಹೋರಾಟದ ಕ್ಷೇತ್ರವನ್ನೇ ಹಿಗ್ಗಿಸಿತು. 1993ರಲ್ಲಿ ಬೆಲ್ಜಿಯಮ್ಮಿನ ಮಾನ್ಸ್‌ನಲ್ಲಿ ಹುಟ್ಟಿದ ‘ಲಾ ವಿಯಾ ಕಂಪೆಸಿನಾ’ ಎಂಬ ಜಾಗತಿಕ ರೈತ ಒಕ್ಕೂಟದಲ್ಲಿ ಅದು ಪಾಲ್ಗೊಂಡಿತು. 1999ರ ಮೇ, ಜೂನ್ ತಿಂಗಳುಗಳಲ್ಲಿ ‘ಖಂಡಾಂತರ ಕಾರವಾನ್’ ಎಂಬ ಹೆಸರಿನಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಯೂರೋಪಿನ ಹಲವು ದೇಶಗಳಲ್ಲಿ ಸಂಚರಿಸಿದರು. ಅವರಲ್ಲಿ ಬಹುಪಾಲು ಭಾರತದ ರೈತರು. ಕರ್ನಾಟಕದ ಹಸಿರು ಶಾಲಿನವರೂ ಅಧಿಕ ಸಂಖ್ಯೆಯಲ್ಲಿದ್ದರು. ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಎದುರು ಪ್ರತಿಭಟಿಸಿದರು. ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ಜೋಸೆ ಬೋವೆಯ ರೈತ ಸಂಘಟನೆಯೊಡನೆ ಸೇರಿ ಕುಲಾಂತರಿ ಭತ್ತದ ಸಸಿಗಳನ್ನು ಕಿತ್ತರು. ಜರ್ಮನಿಯ ಕಲೋನ್‌ನಲ್ಲಿ ಜಿ-8 ಶೃಂಗಸಭೆಯ ಹೊತ್ತಿಗೆ ಯಾತ್ರೆ ಮುಕ್ತಾಯವಾಯಿತು.

ಈ ಯಾತ್ರೆಯ ಮಹತ್ವ ಘೋಷಣೆಗಳಲ್ಲಿಲ್ಲ. ಯೂರೋಪಿನ ಸಬ್ಸಿಡಿ ಅಲ್ಲಿನ ಎಲ್ಲ ರೈತರನ್ನೂ ಶ್ರೀಮಂತರನ್ನಾಗಿಸಿದೆ ಎಂಬುದು ನಮ್ಮಲ್ಲಿ ರೂಢವಾಗಿದ್ದ ನಂಬಿಕೆ. ಆ ಹಣದ ಹೆಚ್ಚಿನ ಪಾಲು ದೊಡ್ಡ ಹಿಡುವಳಿಗಳಿಗೇ ಸೇರುತ್ತದೆ, ಅಲ್ಲಿಯೂ ಸಣ್ಣ ರೈತ ಹೊಲ ಬಿಡುತ್ತಿದ್ದಾನೆ ಎಂಬ ಸತ್ಯ ಇಂಥ ಒಡನಾಟದಿಂದ ಸ್ಪಷ್ಟವಾಯಿತು. ‘ಭಾರತ ವಿರುದ್ಧ ಯೂರೋಪು’ ಎಂದು ಸರ್ಕಾರಗಳು ಮಂಡಿಸುತ್ತಿದ್ದ ವಿವಾದಕ್ಕೆ ಬೇರೊಂದು ಅರ್ಥ ಬಂದಿತು.

ಫಲವೇನು? ಬೇವಿನ ಶಿಲೀಂಧ್ರನಾಶಕ ಗುಣದ ಮೇಲೆ ಅಮೆರಿಕದ ಕೃಷಿ ಇಲಾಖೆಯೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಯೂ ಯೂರೋಪಿನಲ್ಲಿ ಪಡೆದಿದ್ದ ಪೇಟೆಂಟನ್ನು ಪ್ರಶ್ನಿಸಿದವರು ಭಾರತದ ವಂದನಾ ಶಿವ, ಯೂರೋಪ್ ಸಂಸತ್ತಿನ ಸದಸ್ಯೆಯಾಗಿದ್ದ ಬೆಲ್ಜಿಯಮ್ಮಿನ ಮಾಗ್ಡಾ ಆಲ್ವೊಟ್ ಹಾಗೂ ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ. ಪೇಟೆಂಟು 2000ದ ಮೇ ತಿಂಗಳಲ್ಲಿ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. 2001ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕು ರೈತನಿಗೆ ಉಳಿಯಿತು. 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯ ಮಹಾಸಭೆ ರೈತರ ಹಕ್ಕುಗಳ ಘೋಷಣೆಯನ್ನು 121 ಮತಗಳಿಂದ ಅಂಗೀಕರಿಸಿತು. ಭಾರತ ಪರವಾಗಿ ಮತ ನೀಡಿತು. ವಿರೋಧಿಸಿದವು 8, ತಟಸ್ಥವಾಗಿ ಉಳಿದವು 54. ಯೂರೋಪಿನ ಬಹುತೇಕ ಸರ್ಕಾರಗಳು ಪರವಾಗಿ ನಿಲ್ಲಲಿಲ್ಲ, ಆದರೆ ಯೂರೋಪಿನ ರೈತ ಸಂಘಟನೆಗಳು ಅದಕ್ಕಾಗಿ ದುಡಿದಿದ್ದವು.

ಇತಿಹಾಸವನ್ನು ಬರೆಯುವಾಗ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಗಿ ಇನ್ನೂ ಹೊಸತು. ಆಗಲೇ, 1998ರ ನವೆಂಬರಿನಲ್ಲಿ, ರಾಯಚೂರು ಜಿಲ್ಲೆಯ ಬಿಟಿ ಹತ್ತಿಯ ಪ್ರಯೋಗ ಬೆಳೆಗೆ ರೈತ ಸಂಘ ಬೆಂಕಿ ಇಟ್ಟಿತು. 2002ರಲ್ಲಿ ಅದೇ ಹತ್ತಿಗೆ ಸರ್ಕಾರದ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ಬಹುಭಾಗವನ್ನು ಆ ಬೀಜವೇ ಆವರಿಸಿತು, ಬಿತ್ತಿದವರೂ ರೈತರೇ. ನಾಯಕರ ಮಾತಿಗೂ ಹೊಲದ ನಿರ್ಧಾರಕ್ಕೂ ನಡುವೆ ಬಿರುಕಿತ್ತೆಂಬುದನ್ನು ಮರೆಮಾಚಲಾಗದು. 2004ರ ಫೆಬ್ರವರಿ 3ರಂದು ನಂಜುಂಡಸ್ವಾಮಿ ತೀರಿಕೊಂಡರು. ಒಡಕುಗಳಿಂದ ಸಂಘದ ಬಲ ಕುಗ್ಗಿತು.

ನಮ್ಮ ಜಿಲ್ಲೆಗೆ ಬೀಜದ ಪ್ರಶ್ನೆ ಇನ್ನೂ ಹತ್ತಿರದ್ದು. ಕುಷ್ಟಗಿ, ಕೊಪ್ಪಳ ಭಾಗದ ಹೊಲಗಳಲ್ಲಿ ಕಂಪನಿಗಳಿಗಾಗಿ ಹೈಬ್ರಿಡ್ ತರಕಾರಿ ಬೀಜ ಬೆಳೆಯುತ್ತಾರೆ. ಹೂವಿಗೆ ಹೂವಿನ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಕರ್ನಾಟಕ, ಮಹಾರಾಷ್ಟ್ರಗಳ ತರಕಾರಿ ಬೀಜೋತ್ಪಾದನೆಯಲ್ಲಿ ಬಾಲಕಾರ್ಮಿಕರು ದುಡಿಯುತ್ತಿರುವುದನ್ನೂ ಮಹಿಳೆಯರಿಗೆ ಕಡಿಮೆ ಕೂಲಿ ದೊರೆಯುತ್ತಿರುವುದನ್ನೂ ಕುರಿತು 2015ರಲ್ಲಿ ನೆದರ್ಲೆಂಡ್ಸ್‌ನ ಇಂಡಿಯಾ ಕಮಿಟಿ ವರದಿ ಪ್ರಕಟಿಸಿತು. ನಮ್ಮ ಹೊಲದ ಕೂಲಿಯ ಪ್ರಶ್ನೆಯನ್ನು ಬಹುರಾಷ್ಟ್ರೀಯ ಕಂಪನಿಗಳ ಮುಂದಿಡಲು ಕಡಲಾಚೆಯವರು ಶ್ರಮಿಸಿದರು. ಇದಕ್ಕೆ ಕೃತಜ್ಞರಾಗೋಣ, ಜೊತೆಗೆ ಈ ಕೆಲಸವನ್ನು ನಾವೇ ಏಕೆ ಮೊದಲು ಮಾಡಲಿಲ್ಲವೆಂದೂ ಕೇಳಿಕೊಳ್ಳೋಣ.

ಭಾರತ ಮತ್ತು ಯೂರೋಪ್ ಒಕ್ಕೂಟದ ನಡುವಣ ಮುಕ್ತ ವ್ಯಾಪಾರ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಚಾಲನೆ ಪಡೆಯಿತು. ಮರಕೇಶ್‌ನ ಹೊತ್ತಿನಲ್ಲಿ ಗ್ರಾಮಸಭೆಯ ಕಟ್ಟೆಯ ಮೇಲೆ ಒಡಂಬಡಿಕೆಯ ಕಲಮುಗಳನ್ನು ಬಿಡಿಸಿ ಹೇಳುವವರಿದ್ದರು. ಗಂಗಾವತಿಯ ಭತ್ತದವರಿಗೂ ಕುಷ್ಟಗಿಯ ಬೀಜದವರಿಗೂ ಅಂಥ ವಿವರಣೆ ಇಂದೂ ಬೇಕು. ಅದಕ್ಕೆ ದೊಡ್ಡ ನಾಯಕರೇ ಬರಬೇಕೆಂದಿಲ್ಲ; ಓದಬಲ್ಲ ನಾಲ್ಕು ಮಂದಿ ತರುಣರು ಊರಿಗೊಬ್ಬರಂತೆ ಮುಂದೆ ಬಂದರೂ ಸಾಕು.