ಕ್ಯಾಮೆರಾ ಕೊಂಡ ಮೇಲೆ: ಫೋಟೋ ಅಂಗಡಿಯ ಮೊದಲ ಐವತ್ತು ವರ್ಷ

1874ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ದೀನ್ ದಯಾಳ್ ಎಂಬ ಮೂವತ್ತು ವರ್ಷದ ನೌಕರರಿದ್ದರು. ಮೀರತ್ ಹತ್ತಿರದ ಸರ್ಧಾನದಲ್ಲಿ ಹುಟ್ಟಿದವರು. ರೂರ್ಕಿಯ ಥಾಮಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು 1866ರಲ್ಲಿ ಕೆಲಸಕ್ಕೆ ಸೇರಿದ್ದರು. ನಕ್ಷೆ ಬರೆಯುವುದು, ಕಟ್ಟಡಕ್ಕೆ ಎಷ್ಟು ಖರ್ಚಾದೀತು ಎಂದು ಎಸ್ಟಿಮೇಟ್ ಹಾಕುವುದು ಅವರ ಕೆಲಸ. ತಿಂಗಳಿಗೆ ಸರಿಯಾಗಿ ಸಂಬಳ ಬರುವ, ಮನೆಯವರು ನೆಮ್ಮದಿಯಾಗಿರುವ ನೌಕರಿ. ಆ ವರ್ಷ ಅವರಿಗೆ ಫೋಟೋಗ್ರಫಿಯ ಹುಚ್ಚು ಹಿಡಿಯಿತು.

ಹೊಸದಾಗಿ ಕ್ಯಾಮೆರಾ ಕೊಂಡು ಅದರಿಂದಲೇ ಬದುಕಬೇಕೆಂದು ಹೊರಟವರಿಗೆ ಇವತ್ತೂ ಕಾಡುವ ಪ್ರಶ್ನೆಗಳು ಮೂರೋ ನಾಲ್ಕೋ. ಇರುವ ಕೆಲಸ ಬಿಡಬೇಕೆ? ಎಷ್ಟು ಹಣ ಕೇಳಬೇಕು? ಗಿರಾಕಿ ಎಲ್ಲಿಂದ ಬರುತ್ತಾರೆ? ಬಂದವರು ಮತ್ತೆ ಯಾಕೆ ಬರಬೇಕು? ದೀನ್ ದಯಾಳ್ ಮೊದಲ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು. ಅಷ್ಟು ನಿಧಾನವಾಗಿ ಹೆಜ್ಜೆ ಇಟ್ಟವರು ಮುಂದೆ ಮೂರು ಊರಲ್ಲಿ ಸ್ಟುಡಿಯೋ ಇಟ್ಟರು, ಐವತ್ತಕ್ಕೂ ಹೆಚ್ಚು ಜನರಿಗೆ ಸಂಬಳ ಕೊಟ್ಟರು. ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಅವರಿಗಿಂತ ಮೊದಲು ಈ ದಾರಿ ತುಳಿದವರನ್ನು ನೋಡಬೇಕು. ಅವರಲ್ಲಿ ಕೆಲವರು ಬಹಳ ಒಳ್ಳೆಯ ಚಿತ್ರ ತೆಗೆದರು, ಆದರೂ ಕಸುಬು ಕೈಬಿಟ್ಟು ಹೋಯಿತು.

ಒಬ್ಬನೇ ಗಿರಾಕಿ

ಭಾರತದಲ್ಲಿ ಫೋಟೋಗ್ರಫಿಗೆ ಮೊದಲು ದೊಡ್ಡ ಹಣ ಕೊಟ್ಟದ್ದು ಸರ್ಕಾರ. 1855ರಲ್ಲಿ ಬಾಂಬೆ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಬಿಗ್ಸ್ ವಿಜಾಪುರ, ಬಾದಾಮಿ, ಐಹೊಳೆ ಸುತ್ತಿದರು. ಅಷ್ಟರಲ್ಲಿ ಸೇನೆ ಅವರನ್ನು ವಾಪಸ್ ಕರೆಸಿಕೊಂಡಿತು. ಅವರ ಜಾಗಕ್ಕೆ ಡಾಕ್ಟರ್ ವಿಲಿಯಂ ಪಿಗೌ ಬಂದರು. ಪಿಗೌ 1858ರಲ್ಲಿ ತೀರಿಕೊಂಡರು. ಇವರೆಲ್ಲ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಪುಸ್ತಕವಾಗಿ ಲಂಡನ್ನಿನಲ್ಲಿ ಹೊರಬಂದವು. ಕನ್ನಡ ನಾಡಿನ ಗುಡಿಗಳು ಕ್ಯಾಮೆರಾ ಕಂಡದ್ದು ಹೀಗೆ, ಸರ್ಕಾರಿ ಸಂಬಳದಲ್ಲಿ.

ಮದ್ರಾಸಿನ ಕಥೆ ಇನ್ನೂ ಕಠಿಣ. ಅಲ್ಲಿನ ಸರ್ಕಾರಿ ಫೋಟೋಗ್ರಾಫರ್ ಲಿನೇಯಸ್ ಟ್ರೈಪ್. ಮಧುರೆ, ತಂಜಾವೂರು, ಶ್ರೀರಂಗಗಳಲ್ಲಿ ಅವರು ತೆಗೆದ ಚಿತ್ರಗಳನ್ನು ಇಂದಿಗೂ ದೊಡ್ಡ ಮ್ಯೂಸಿಯಂಗಳು ಜೋಪಾನ ಮಾಡುತ್ತವೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದಲ್ಲಿ ಸುತ್ತಲೂ ಹರಿದ ಶಾಸನವನ್ನು ಅವರು ತುಂಡು ತುಂಡಾಗಿ ಚಿತ್ರಿಸಿ, 21 ಪ್ರಿಂಟುಗಳನ್ನು ಜೋಡಿಸಿ, ಸುಮಾರು 19 ಅಡಿ ಉದ್ದದ ಒಂದೇ ಚಿತ್ರವಾಗಿಸಿದರು. 1859ರಲ್ಲಿ ಹೊಸ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಬಂದರು. 1857ರ ದಂಗೆಯ ನಂತರ ಖಜಾನೆ ಬರಿದಾಗಿತ್ತು. ಫೋಟೋಗ್ರಫಿ ದುಬಾರಿ ಶೋಕಿ ಎಂದು ತೀರ್ಮಾನಿಸಿ ಅವರು ಆ ಕಚೇರಿಯನ್ನೇ ಮುಚ್ಚಿಸಿದರು. ಟ್ರೈಪ್ ಆಮೇಲೆ ಹೆಚ್ಚುಕಡಿಮೆ ಕ್ಯಾಮೆರಾ ಮುಟ್ಟಲಿಲ್ಲ.

ಟ್ರೈಪ್ ಅವರ ಕೌಶಲದಲ್ಲಿ ಊನವಿರಲಿಲ್ಲ. ಹಣ ಕೊಡುವವರು ಒಬ್ಬರೇ ಇದ್ದರು, ಅವರು ಮನಸ್ಸು ಬದಲಿಸಿದರು, ಅಷ್ಟೆ.

ಮೊಟ್ಟೆ, ಗಾಜು, ಬೆಳ್ಳಿ

ಸರ್ಕಾರದ ಹೊರಗೆ ಕಸುಬು ಬೆಳೆದದ್ದು ಮುಂಬಯಿಯಲ್ಲಿ. 1854ರಲ್ಲಿ ಅಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಡಾಕ್ಟರ್ ಭಾವು ದಾಜಿಯಂಥ ಭಾರತೀಯರೂ ಅದರಲ್ಲಿದ್ದರು. ಮರುವರ್ಷ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫೋಟೋಗ್ರಫಿಯ ತರಗತಿ ತೆರೆಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣ ಮುಂಬಯಿಯಲ್ಲಿ ಸ್ವಂತ ಸ್ಟುಡಿಯೋ ತೆರೆದು, ಈ ಕಸುಬಿಗೆ ಇಳಿದ ಮೊದಮೊದಲ ಭಾರತೀಯರಲ್ಲಿ ಒಬ್ಬರಾದರು.

ತರಗತಿ ಯಾಕೆ ಬೇಕಾಯಿತು ಎಂಬುದು ಆಗಿನ ಕೆಲಸದ ಬಗೆ ತಿಳಿದರೆ ಅರ್ಥವಾಗುತ್ತದೆ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಕಂಡುಹಿಡಿದ ವೆಟ್ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹರಡಬೇಕು, ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಬೇಕು, ಅದು ಒದ್ದೆಯಾಗಿರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಆಗಿಂದಾಗಲೇ ಡೆವಲಪ್ ಮಾಡಬೇಕು. ಒಣಗಿತೋ, ಕೆಟ್ಟಿತು. ನಮ್ಮ ಬೇಸಿಗೆಯಲ್ಲಿ ಇದಕ್ಕೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಹೊರಗೆ ಹೋದರೆ ಡಾರ್ಕ್‌ರೂಮನ್ನೂ ಡೇರೆಯಾಗಿ ಹೊತ್ತೊಯ್ಯಬೇಕು. ಬೆಳ್ಳಿಯ ದ್ರಾವಣ ಬೆರಳುಗಳನ್ನು ಕಪ್ಪಗೆ ಮಾಡುತ್ತಿತ್ತು. ಪ್ರಿಂಟು ಹಾಕುವ ಕಾಗದಕ್ಕೆ ಮೊಟ್ಟೆಯ ಬಿಳಿ ಲೇಪ, ಅದರ ಮೇಲೆ ನೆಗೆಟಿವ್ ಒತ್ತಿ ಬಿಸಿಲಿಗೆ ಇಡುವುದು. ಚಿತ್ರ ಎಷ್ಟು ದೊಡ್ಡದು ಬೇಕೋ ಗಾಜೂ ಅಷ್ಟೇ ದೊಡ್ಡದು, ಕ್ಯಾಮೆರಾವೂ ಅಷ್ಟೇ ಭಾರ.

ಒಂದು ಚಿತ್ರ ತಪ್ಪಿದರೆ ಗಾಜು, ಬೆಳ್ಳಿ, ಹೊತ್ತು ಮೂರೂ ಹೋದವು. ಆದ್ದರಿಂದ ಆಗ ಅಂಗಡಿ ಇಟ್ಟವರಿಗೆ ಪ್ರತಿ ಚಿತ್ರದ ಅಸಲು ಎಷ್ಟೆಂಬುದು ಬಾಯಿಪಾಠವಾಗಿರಬೇಕಿತ್ತು. ಎಸ್ಟಿಮೇಟ್ ಬರೆಯುತ್ತಿದ್ದ ನೌಕರನೊಬ್ಬ ಈ ಕಸುಬಿಗೆ ಒದಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅಗ್ಗದ ಬೆಲೆ

ಬೆಲೆಯ ಪಾಠ ಪ್ಯಾರಿಸ್ಸಿನಿಂದ ಬಂತು. 1854ರಲ್ಲಿ ಆಂದ್ರೆ ದಿಸ್ದೇರಿ ಎಂಬ ಫೋಟೋಗ್ರಾಫರ್ ಒಂದೇ ಗಾಜಿನ ಮೇಲೆ ಎಂಟು ಸಣ್ಣ ಚಿತ್ರ ಮೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ರಟ್ಟಿಗೆ ಅಂಟಿಸಿದ ಆ ಚಿತ್ರಗಳ ಅಸಲು ತೀರ ಇಳಿಯಿತು. ಶ್ರೀಮಂತರ ಮನೆಯ ಗೋಡೆಯಲ್ಲಿದ್ದ ಭಾವಚಿತ್ರ ಸಾಧಾರಣ ಜನರ ಆಲ್ಬಮ್ಮಿಗೂ ಬಂತು. ದಿಸ್ದೇರಿ ಕೈತುಂಬ ಗಳಿಸಿದರು. ಆದರೆ ಅವರ ವಿಧಾನ ಯಾರು ಬೇಕಾದರೂ ಕಲಿಯಬಹುದಾದಷ್ಟು ಸುಲಭವಾಗಿತ್ತು. ಬೀದಿಗೊಂದು ಸ್ಟುಡಿಯೋ ಎದ್ದಿತು, ಒಬ್ಬರಿಗಿಂತ ಒಬ್ಬರು ಬೆಲೆ ಇಳಿಸಿದರು. ಕಸುಬನ್ನು ಮನೆಮನೆಗೆ ತಲುಪಿಸಿದ ದಿಸ್ದೇರಿ 1889ರಲ್ಲಿ ಬಡತನದಲ್ಲಿ ತೀರಿಕೊಂಡರು.

ಪಕ್ಕದ ಅಂಗಡಿಗಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಬಂದ ಗಿರಾಕಿ, ಅದಕ್ಕಿಂತ ಕಡಿಮೆಗೆ ಮಾಡುವವರು ಸಿಕ್ಕ ದಿನ ಹೊರಟುಹೋಗುತ್ತಾರೆ. ಇವತ್ತಿನ ಮದುವೆ ಫೋಟೋಗ್ರಾಫರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ತೆಗೆಯುವವರು ಒಬ್ಬರು, ಮಾರುವವರು ಇನ್ನೊಬ್ಬರು

ಬೇರೆ ದಾರಿ ತೋರಿಸಿದವರು ಸ್ಯಾಮ್ಯುಯೆಲ್ ಬೋರ್ನ್. ಅವರು ನಾಟಿಂಗ್‌ಹ್ಯಾಮಿನ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು, ಬಿಡುವಿನಲ್ಲಿ ಕ್ಯಾಮೆರಾ ಹಿಡಿದು ಹೆಸರು ಮಾಡಿದ್ದರು. ಕೆಲಸ ಬಿಟ್ಟು 1863ರಲ್ಲಿ ಕಲ್ಕತ್ತೆಗೆ ಬಂದರು. ಒಂಟಿಯಾಗಿ ಅಂಗಡಿ ಹಾಕಲಿಲ್ಲ. ಅಲ್ಲಿ ಮೊದಲೇ ಸ್ಟುಡಿಯೋ ಇದ್ದ ವಿಲಿಯಂ ಹೊವಾರ್ಡ್ ಜೊತೆ ಸೇರಿ ಶಿಮ್ಲಾದಲ್ಲಿ ಶುರುಮಾಡಿದರು. ಬೇಸಿಗೆಯಲ್ಲಿ ಇಡೀ ಸರ್ಕಾರವೇ ಶಿಮ್ಲಾಕ್ಕೆ ಏರುತ್ತಿತ್ತು. ದುಡ್ಡಿದ್ದ, ಬಿಡುವಿದ್ದ, ಊರಿಗೆ ಚಿತ್ರ ಕಳಿಸುವ ಆಸೆಯಿದ್ದ ಗಿರಾಕಿಗಳು ಅಲ್ಲಿ ತಾವಾಗಿಯೇ ಸಿಗುತ್ತಿದ್ದರು. ಸ್ವಲ್ಪ ದಿನಕ್ಕೆ ಚಾರ್ಲ್ಸ್ ಶೆಫರ್ಡ್ ಕೂಡಿಕೊಂಡರು. ಹೊವಾರ್ಡ್ ಹೊರಹೋದ ಮೇಲೆ ಉಳಿದ ಹೆಸರು ಬೋರ್ನ್ ಅಂಡ್ ಶೆಫರ್ಡ್.

ಅವರ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ಬೋರ್ನ್ ಊರೂರು ತಿರುಗಿ ನೆಗೆಟಿವ್ ತರಬೇಕು. ಶೆಫರ್ಡ್ ಸ್ಟುಡಿಯೋದಲ್ಲಿ ಕೂತು ಪ್ರಿಂಟು ಹಾಕಿಸಿ ಮಾರಬೇಕು. ಬೋರ್ನ್ ಹತ್ತಾರು ಕೂಲಿಗಳ ಮೇಲೆ ಗಾಜು, ರಾಸಾಯನಿಕ, ಡೇರೆ ಹೊರಿಸಿಕೊಂಡು ಹಿಮಾಲಯಕ್ಕೆ ಮೂರು ಸಲ ಹೋದರು. 1866ರಲ್ಲಿ 18,000 ಅಡಿಗೂ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ನಿಂತು ಚಿತ್ರ ತೆಗೆದರು. ಆ ಚಳಿಯಲ್ಲಿ ಹೊರೆ ಇಳಿಸಿ ಓಡಿಹೋದ ಕೂಲಿಗಳನ್ನು ಬೋರ್ನ್ ತಮ್ಮ ಬರಹಗಳಲ್ಲಿ ಬೈದಿದ್ದಾರೆ. ಹೊತ್ತವರ ಹೆಸರು ಮಾತ್ರ ಆ ಚಿತ್ರಗಳ ಕೆಳಗೆ ಎಲ್ಲಿಯೂ ಇಲ್ಲ.

ಪ್ರತಿ ನೆಗೆಟಿವ್‌ಗೂ ಒಂದು ನಂಬರು. ನಂಬರುಗಳ ಕ್ಯಾಟಲಾಗು ಅಚ್ಚಾಗುತ್ತಿತ್ತು. ಗಿರಾಕಿ ನಂಬರು ಬರೆದು ಕಳಿಸಿದರೆ ಪ್ರಿಂಟು ಮನೆಗೆ ಬರುತ್ತಿತ್ತು. 1870ರಲ್ಲಿ ಬೋರ್ನ್ ದೇಶ ಬಿಟ್ಟು ನಾಟಿಂಗ್‌ಹ್ಯಾಮಿನಲ್ಲಿ ಹತ್ತಿಯ ವ್ಯವಹಾರಕ್ಕೆ ಇಳಿದರು. ಅಂಗಡಿ ನಿಲ್ಲಲಿಲ್ಲ. ಅವರು ಬಿಟ್ಟುಹೋದ ಗಾಜುಗಳಿಂದ ದಶಕಗಳ ಕಾಲ ಪ್ರಿಂಟುಗಳು ಮಾರಾಟವಾಗುತ್ತಲೇ ಇದ್ದವು. ಟ್ರೈಪ್ ಒಂದು ಚಿತ್ರಕ್ಕೆ ಒಂದು ಸಲ ಸಂಬಳ ಪಡೆದರೆ, ಬೋರ್ನ್ ಅವರ ಕಂಪನಿ ಒಂದೇ ಚಿತ್ರವನ್ನು ನೂರು ಸಲ ಮಾರಿತು. ಚಿತ್ರ ತೆಗೆಯಬಲ್ಲವರು ಎಷ್ಟೋ ಜನ ಇದ್ದರು. ಅಂಗಡಿ ನಿಂತದ್ದು ಚಿತ್ರವನ್ನು ಕಾಪಾಡಿ, ಹುಡುಕಿದಾಗ ಸಿಗುವಂತೆ ಇಟ್ಟವರದು.

ಇಂದೋರಿನ ನೌಕರ

ದೀನ್ ದಯಾಳ್ ಈ ಪಾಠಗಳನ್ನೆಲ್ಲ ಒಂದೇ ಕಡೆ ಕೂಡಿಸಿದರು. ಸಂಬಳ ಬರುತ್ತಿದ್ದಾಗಲೇ ಕೈ ಪಳಗಿಸಿಕೊಂಡರು. ಇಂದೋರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್ ಮತ್ತು ಬ್ರಿಟಿಷ್ ಅಧಿಕಾರಿ ಹೆನ್ರಿ ಡೇಲಿ ಪ್ರೋತ್ಸಾಹ ಕೊಟ್ಟರು. 1875-76ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಭಾರತಕ್ಕೆ ಬಂದಾಗ ಅವರ ಚಿತ್ರ ತೆಗೆಯುವ ಅವಕಾಶ ಸಿಕ್ಕಿತು. 1882ರಲ್ಲಿ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಬುಂದೇಲಖಂಡ ಸುತ್ತಿದರು. ಆ ಚಿತ್ರಗಳು 1886ರಲ್ಲಿ ಮಧ್ಯ ಭಾರತದ ಪ್ರಸಿದ್ಧ ಸ್ಮಾರಕಗಳ ಪುಸ್ತಕವಾದವು. ಲೇಖಕರ ಹೆಸರು ಗ್ರಿಫಿನ್.

ಆದರೆ ದೀನ್ ದಯಾಳ್ ತಮ್ಮ ನೆಗೆಟಿವ್‌ಗಳ ಮೇಲೆಯೇ ಹೆಸರು, ನಂಬರು, ಜಾಗದ ಹೆಸರು ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದರು. ಗಾಜಿನ ಮೇಲೆ ಬರೆದದ್ದು ಪ್ರತಿ ಪ್ರಿಂಟಿನಲ್ಲೂ ಮೂಡುತ್ತದೆ. ಚಿತ್ರ ಯಾವ ಅರಮನೆಗೆ, ಯಾವ ಸಮುದ್ರದಾಚೆಗೆ ಹೋದರೂ ತೆಗೆದವರು ಯಾರೆಂಬುದು ಅದರೊಳಗೇ ಇರುತ್ತಿತ್ತು.

1880ರ ದಶಕದ ನಡುವಿನಲ್ಲಿ ಅವರು ದೀರ್ಘ ರಜೆ ಹಾಕಿದರು, ಆಮೇಲೆ ನೌಕರಿ ಬಿಟ್ಟರು. ಅಷ್ಟು ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ ಡ್ರೈ ಪ್ಲೇಟುಗಳು ಪೇಟೆಗೆ ಬಂದಿದ್ದವು, ಒದ್ದೆ ಗಾಜಿನ ಅವಸರ ತಪ್ಪಿತ್ತು. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಅವರನ್ನು ಕರೆಯಿತು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಎದ್ದಿತು. ಅರಮನೆಯ ಔತಣ, ಬೇಟೆ, ಪರೇಡು, ಬರಗಾಲದ ಪರಿಹಾರ ಕಾಮಗಾರಿ, ಎಲ್ಲವೂ ಅವರ ಗಾಜಿನ ಮೇಲೆ ಬಿತ್ತು. ಆಗಿನ ನಿಜಾಮ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರು ಸೇರಿದ್ದವು. ಆ ಚಿನ್ನದಂಚಿನ ಆಲ್ಬಮ್ಮುಗಳ ಖರ್ಚಿನ ಹಿಂದೆ ಕನ್ನಡ ರೈತರ ಕಂದಾಯವೂ ಇತ್ತು.

ನಿಜಾಮರು ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಅರಮನೆ ಒಂದನ್ನೇ ನೆಚ್ಚಿ ಕೂರಬಾರದೆಂಬ ಎಚ್ಚರ ದೀನ್ ದಯಾಳ್ ಅವರಿಗಿತ್ತು. ದಂಡಿನ ಅಧಿಕಾರಿಗಳು, ಪ್ರವಾಸಿಗಳು, ವ್ಯಾಪಾರಿಗಳು, ಎಲ್ಲರಿಗೂ ಸ್ಟುಡಿಯೋದ ಬಾಗಿಲು ತೆರೆದಿತ್ತು. ಬಾಗಿಲಿಗೆ ಬರಲಾಗದವರೂ ಇದ್ದರು. ಪರದೆಯೊಳಗಿನ ಹೆಂಗಸರು ಗಂಡಸಿನ ಕ್ಯಾಮೆರಾದ ಮುಂದೆ ಕೂರುವಂತಿರಲಿಲ್ಲ. 1892ರಲ್ಲಿ ದೀನ್ ದಯಾಳ್ ಅವರಿಗಾಗಿಯೇ ಎತ್ತರದ ಗೋಡೆಗಳ ಜನಾನಾ ಸ್ಟುಡಿಯೋ ತೆರೆದು, ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಗೆ ಅದರ ಹೊಣೆ ಒಪ್ಪಿಸಿದರು. ಉಳಿದ ಸ್ಟುಡಿಯೋಗಳು ಬಿಟ್ಟಿದ್ದ ಅರ್ಧದಷ್ಟು ಊರು ಹೀಗೆ ಗಿರಾಕಿಯಾಯಿತು. 1896ರಲ್ಲಿ ಮುಂಬಯಿಯಲ್ಲಿ ದೊಡ್ಡ ಸ್ಟುಡಿಯೋ, ಮರುವರ್ಷ ವಿಕ್ಟೋರಿಯಾ ರಾಣಿಯ ರಾಜಮುದ್ರೆ.

ಗಾಜು ಉಳಿದದ್ದು

ಎಲ್ಲ ಸರಿಯಾಗಿ ಮಾಡಿದವರನ್ನೂ ಕಾಲ ಬಿಡುವುದಿಲ್ಲ. ಈಸ್ಟ್‌ಮನ್ ಕಂಪನಿ 1888ರಲ್ಲಿ ಕೊಡಕ್ ಕ್ಯಾಮೆರಾ ತಂದಿತು, 1900ರಲ್ಲಿ ಒಂದು ಡಾಲರಿನ ಬ್ರೌನಿ. ಪ್ರವಾಸಿಗಳು ತಮ್ಮ ಚಿತ್ರ ತಾವೇ ತೆಗೆದುಕೊಳ್ಳತೊಡಗಿದರು. ದೀನ್ ದಯಾಳರ ಮಗ ಧರಮ್ ಚಂದ್ 1904ರಲ್ಲಿ ತೀರಿಕೊಂಡರು, ಮರುವರ್ಷ ತಂದೆ ಹೋದರು, 1911ರಲ್ಲಿ ನಿಜಾಮರು. ಆ ಹಳೆಯ ವೈಭವ ಮತ್ತೆ ಬರಲಿಲ್ಲ.

ಬೋರ್ನ್ ಅಂಡ್ ಶೆಫರ್ಡ್ ಕಲ್ಕತ್ತೆಯಲ್ಲಿ ಇನ್ನೂ ಬಹುಕಾಲ ನಡೆಯಿತು. 1991ರಲ್ಲಿ ಅಲ್ಲಿ ಬೆಂಕಿ ಬಿತ್ತು, ಹಳೆಯ ಸಂಗ್ರಹದ ಬಹುಭಾಗ ಸುಟ್ಟಿತು. 2016ರಲ್ಲಿ ಬಾಗಿಲು ಮುಚ್ಚಿತು. ನೂರಕ್ಕೂ ಹೆಚ್ಚು ವರ್ಷ ಕಾಪಾಡಿದ್ದು ಒಂದೇ ಕಟ್ಟಡದಲ್ಲಿತ್ತು. ಇವತ್ತು ಎಲ್ಲ ಚಿತ್ರಗಳನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡವರು ಈ ಮಾತನ್ನು ಎರಡು ಸಲ ಓದಬಹುದು.

ದೀನ್ ದಯಾಳರ ಗಾಜುಗಳಿಗೆ ಬೇರೆ ಗತಿ ಸಿಕ್ಕಿತು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ 2,857 ನೆಗೆಟಿವ್‌ಗಳನ್ನು ಪಡೆಯಿತು. 2006ರಲ್ಲಿ ಅಂಚೆ ಇಲಾಖೆ ಅವರ ಹೆಸರಲ್ಲಿ ಸ್ಟ್ಯಾಂಪು ಹೊರಡಿಸಿತು. ಆ ಗಾಜುಗಳನ್ನು ಇಂದು ಬೆಳಕಿಗೆ ಹಿಡಿದರೆ ಒಬ್ಬ ನೌಕರ ಸಂಜೆ ಹೊತ್ತು ಮನೆಗೆ ಬಂದು ಬರೆದಿರಬಹುದಾದಂಥ ಸಣ್ಣ ಅಕ್ಷರಗಳು ಕಾಣುತ್ತವೆ: ಊರಿನ ಹೆಸರು, ಒಂದು ನಂಬರು, ತನ್ನ ಹೆಸರು.