ಬೆಳ್ಗೊಳದ ಊರಾಡಳಿತ: ಕಲ್ಲಿನಲ್ಲಿ ಬರೆದ ಲೆಕ್ಕ

ಶ್ರವಣಬೆಳ್ಗೊಳವೆಂದೊಡನೆ ಭವ್ಯಜೀವಿಗಳ ದೃಷ್ಟಿ ಸಹಜವಾಗಿಯೇ ದೊಡ್ಡಬೆಟ್ಟದ ನೆತ್ತಿಗೆ ಏರುತ್ತದೆ. 981ರಲ್ಲಿ ಚಾವುಂಡರಾಯನು ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರಸ್ವಾಮಿಯ ಎದುರಿನಲ್ಲಿ ಮತ್ತಾವುದು ತಾನೆ ನೆನಪಿಗೆ ಬಂದೀತು? ಆದರೆ ಆ ಬೆಟ್ಟದ ಬುಡದಲ್ಲಿ ಒಂದು ಊರಿದೆ. ಅದಕ್ಕೆ ಬೀದಿಗಳಿವೆ, ಕೊಳವಿದೆ, ಗದ್ದೆ ಹೊಲಗಳಿವೆ. ತೆರಿಗೆ, ದತ್ತಿ, ಸಾಲಗಳ ದೀರ್ಘ ಚರಿತ್ರೆಯೂ ಇದೆ. ಯಾತ್ರಿಕರು ಗಮನಿಸದೆ ದಾಟಿಹೋಗುವ ಈ ಊರಿನ ಆಡಳಿತದ ಕಥೆ, ಬಸದಿಗಳ ಆಸ್ತಿಯನ್ನು ನೋಡಿಕೊಳ್ಳುವವರಿಗೆ ಪುರಾಣಕಥೆಗಿಂತ ಹೆಚ್ಚು ಹತ್ತಿರದ್ದು.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಈ ಹೋಬಳಿ ಕೇಂದ್ರ ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ನೆಲೆಸಿದೆ. ದಕ್ಷಿಣಕ್ಕೆ ವಿಂಧ್ಯಗಿರಿ ಅಥವಾ ದೊಡ್ಡಬೆಟ್ಟ. ಸಮುದ್ರಮಟ್ಟದಿಂದ 3,347 ಅಡಿ, ಊರಿನ ನೆಲದಿಂದ ಸುಮಾರು 470 ಅಡಿ ಎತ್ತರ. ಉತ್ತರಕ್ಕೆ ಚಂದ್ರಗಿರಿ ಅಥವಾ ಚಿಕ್ಕಬೆಟ್ಟ; ಇದು 3,052 ಅಡಿ. ನಡುವೆ ಕಲ್ಯಾಣಿ. ಊರಿಗೆ ಹೆಸರು ಬಂದದ್ದು ಬೆಟ್ಟದಿಂದಲ್ಲ, ಕೊಳದಿಂದ. ಬೆಳ್ಗೊಳವೆಂದರೆ ಬಿಳಿಯ ಕೊಳ. ಸಂಸ್ಕೃತ ಬಲ್ಲವರು ಅದನ್ನೇ ಧವಳಸರೋವರವೆಂದರು. ಬಯಲುಸೀಮೆಯಲ್ಲಿ ನೀರು ನಿಲ್ಲುವ ತಾವಿನಲ್ಲಿ ಊರು ಕಟ್ಟುವುದು ಲೋಕರೂಢಿ. ಚಿಕ್ಕಬೆಟ್ಟದ ಆಚೆಗಿರುವ ಜಿನನಾಥಪುರವು ವಿಷ್ಣುವರ್ಧನನ ದಂಡನಾಯಕ ಗಂಗರಾಜನು ನೆಲೆಗೊಳಿಸಿದ ಊರು.

ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸರು 1889ರಲ್ಲಿ ಪ್ರಕಟಿಸಿದಾಗ 144 ಇದ್ದವು. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. 1973ರ ಪರಿಷ್ಕೃತ ಸಂಪುಟದಲ್ಲಿ 573. ಇವುಗಳಲ್ಲಿ ಸಲ್ಲೇಖನದ ನಿಸಿದಿಗಳನ್ನೂ ಯಾತ್ರಿಕರ ಬರಹಗಳನ್ನೂ ಬದಿಗಿಟ್ಟರೆ ಉಳಿಯುವ ಹಲವು ಶಾಸನಗಳು ಲೆಕ್ಕಪತ್ರಗಳೇ ಸರಿ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದಾಗ ಅದರ ಖರ್ಚಿಗೆಂದು ಅರಸನು ಸವಣೇರು ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಬ್ರಾಹ್ಮಣ ಮಂತ್ರಿ ಚಂದ್ರಮೌಳಿಯ ಪತ್ನಿ, ಜಿನಭಕ್ತೆ ಆಚಿಯಕ್ಕ 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಗೂ ಒಂದು ಗ್ರಾಮದ ಉತ್ಪತ್ತಿ ಸಂದಿತು. ಕಟ್ಟಡದ ಜೊತೆಗೆ ಆದಾಯದ ಮೂಲವನ್ನೂ ಗೊತ್ತುಪಡಿಸುವ ಈ ಕ್ರಮವನ್ನು ಇಂದಿನ ಜೀರ್ಣೋದ್ಧಾರ ಸಮಿತಿಗಳು ಎಷ್ಟರಮಟ್ಟಿಗೆ ಅನುಸರಿಸುತ್ತಿವೆಯೋ ಅವರವರೇ ಹೇಳಬೇಕು.

ಊರಿನವರೇ ಹೊಣೆ ಹೊತ್ತದ್ದಕ್ಕೆ ನಗರ ಜಿನಾಲಯವು ಸಾಕ್ಷಿ. ಇಮ್ಮಡಿ ಬಲ್ಲಾಳನ ಕಾಲದ ಪಟ್ಟಣಸ್ವಾಮಿ ನಾಗದೇವನು 1195ರಲ್ಲಿ ಇದನ್ನು ಕಟ್ಟಿಸಿದನು. ಇಲ್ಲಿ ‘ನಗರ’ವೆಂದರೆ ಪಟ್ಟಣವಲ್ಲ, ವರ್ತಕರ ಸಂಘ, ಬಸದಿಯ ಪೋಷಣೆ ಆ ಸಂಘದ್ದಾದುದರಿಂದ ಈ ಹೆಸರು. ಹದಿಮೂರನೆಯ ಶತಮಾನದ ಉತ್ತರಾರ್ಧದ ಒಂದು ಶಾಸನದಂತೆ ಬೆಳ್ಗೊಳದ ಮಾಣಿಕ್ಯ ವ್ಯಾಪಾರಿಗಳು ಒಟ್ಟುಗೂಡಿ, ತಮ್ಮ ಗಳಿಕೆಯಲ್ಲಿ ನೂರು ಗದ್ಯಾಣಕ್ಕೆ ಒಂದು ಗದ್ಯಾಣವನ್ನು ಈ ಜಿನಾಲಯಕ್ಕೆ ಸಲ್ಲಿಸುವುದಾಗಿ ಒಪ್ಪಿಕೊಂಡರು. ಗಳಿಕೆಯನ್ನು ಮರೆಮಾಚಿದವನು ದೇವದ್ರೋಹಿ, ರಾಜದ್ರೋಹಿ, ಸಮಯದ್ರೋಹಿ. ಅರಸನು ಹೇರಿದ ತೆರಿಗೆ ಇದಲ್ಲ. ತಮ್ಮ ಮೇಲೆ ತಾವೇ ವಿಧಿಸಿಕೊಂಡದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಹೀನಾಧಿಕಮಾನೋನ್ಮಾನವನ್ನೂ, ಅಂದರೆ ರಾಜ್ಯದ ಕಟ್ಟಳೆ ಮೀರುವುದನ್ನೂ ಅಳತೆ ತೂಕಗಳ ಮೋಸವನ್ನೂ ಎಣಿಸುತ್ತದೆ. ಆ ಸೂತ್ರವನ್ನು ಪಾರಾಯಣ ಮಾಡುವವರು ಅಂಗಡಿಯ ಲೆಕ್ಕವನ್ನು ಬಸದಿಗೆ ಒಪ್ಪಿಸಿದ ಬಗೆ ಇದು.

ಇನ್ನು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಭವ್ಯರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಭಾಷಣಗಳಲ್ಲಿ ಕೇಳಿಬರುವುದು ಇಷ್ಟೇ. ಶಾಸನದ ಹಣಕಾಸಿನ ಭಾಗವನ್ನು ಓದುವವರು ಕಡಿಮೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದರಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ದರ, ಅವಧಿ, ವೆಚ್ಚದ ಬಾಬು, ಉಳಿಕೆಯ ವಿನಿಯೋಗ, ಎಲ್ಲವೂ ಮೊದಲೇ ನಿರ್ಧಾರವಾಗಿದೆ. ‘ಇತರೆ ಖರ್ಚು’ ಎಂಬ ಬಾಬಿಗೆ ಇದರಲ್ಲಿ ಜಾಗವೇ ಇಲ್ಲ. ಈ ಹಣವನ್ನು ಸಂಗ್ರಹಿಸಿ ವಿನಿಯೋಗಿಸುವ ಹೊಣೆ ಯಾರದು? ಜೈನರದಲ್ಲ, ತಿರುಮಲೆಯ ತಾತಯ್ಯನದು. ನಿನ್ನೆಯವರೆಗೆ ಎದುರು ಪಕ್ಷದಲ್ಲಿದ್ದವರ ಹಿರಿಯನೇ ಇಂದು ಜಿನಾಲಯದ ಹಣಕ್ಕೆ ಜವಾಬ್ದಾರ! ಒಪ್ಪಂದವನ್ನು ಬರಿಯ ಮಾತಾಗಿ ಉಳಿಸದೆ, ವರ್ಷವರ್ಷವೂ ನಡೆಯಲೇಬೇಕಾದ ಕೆಲಸವನ್ನಾಗಿಸಿದ ಜಾಣ್ಮೆ ಇದರಲ್ಲಿ ಕಾಣುತ್ತದೆ. ಮುಂದೆ ಕಲ್ಲೆಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನವಿಸಿ, ತಾತಯ್ಯನನ್ನು ಕರೆಸಿ, ಈ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಈ ವರ್ತಕನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಆ ಶಾಸನ ಭಂಡಾರಿ ಬಸದಿಯಲ್ಲಿದೆ.

ಕಟ್ಟಳೆ ಎಷ್ಟು ಬಿಗಿಯಾಗಿದ್ದರೂ ಅದನ್ನು ನಡೆಸುವವರು ಸಡಿಲವಾದರೆ ಏನಾಗುತ್ತದೆಂಬುದು 1634ರ ಶಾಸನದಿಂದ ತಿಳಿಯುತ್ತದೆ. ಸ್ಥಾನದವರು ದೇವರ ಮಾನ್ಯಭೂಮಿಗಳನ್ನು ವರ್ತಕ ಗೃಹಸ್ಥರಿಗೆ ಒತ್ತೆಯಿಟ್ಟು ಸಾಲ ಪಡೆದಿದ್ದರು. ಉತ್ಪತ್ತಿಯೆಲ್ಲ ಸಾಲಗಾರರ ಪಾಲಾಗಿ ಪೂಜೆಯೇ ನಿಂತುಹೋಗಿತ್ತು. ಹೊರಗಿನ ಶತ್ರುವಿನಿಂದ ಬಂದ ವಿಪತ್ತಲ್ಲ ಇದು. ಕೊಟ್ಟವರೂ ಕೊಂಡವರೂ ತಿಳಿದೇ ಮಾಡಿದ ವ್ಯವಹಾರ. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ಆ ಋಣವನ್ನು ತಾವೇ ತೀರಿಸುವುದಾಗಿ ಹೇಳಿದರು. ಅರಸನು ಮುಂದೆ ಬಂದಾಗ ವರ್ತಕರಿಗೂ ಧರ್ಮದ ನೆನಪಾಗಿರಬೇಕು. ಅವರು ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಒತ್ತೆಯನ್ನು ಬಿಟ್ಟುಕೊಟ್ಟರು.

ಒಡೆಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ದೇವರ ಆಸ್ತಿಯನ್ನು ಮುಂದೆ ಯಾರೂ ಒತ್ತೆಯಿಡಬಾರದೆಂದು ಕಲ್ಲಿನಲ್ಲಿ ಬರೆಸಿದರು. ಆಸ್ತಿ ಕಾಯುವವನಿಗೆ ಮಾತ್ರವಲ್ಲ, ಆ ಒತ್ತೆಯನ್ನು ಹಿಡಿದು ಸಾಲ ಕೊಡುವವನಿಗೂ ಈ ನಿಷೇಧ ಅನ್ವಯಿಸಿತು. ಮೀರಿದವರು ಯಾರೇ ಆಗಲಿ ಸಮಾಜದಿಂದ ಹೊರಗು. ಅವರಿಗೆ ಸ್ಥಾನಮಾನ್ಯಗಳ ಮೇಲೆ ಹಕ್ಕಿಲ್ಲ.