ಅಂಕಿ ಒಂದೇ, ಹೃದಯ ಬೇರೆ

ಚೀಟಿಯಲ್ಲಿ 160/50 ಎಂದು ಬರೆದಿದ್ದರೆ ಮನೆಯವರ ಕಣ್ಣು ಹೋಗುವುದು ಮೇಲಿನ ಅಂಕಿಯ ಕಡೆಗೆ. ಹೃದ್ರೋಗ ತಜ್ಞರು ಎರಡರ ನಡುವಿನ ಅಂತರವನ್ನೂ ನೋಡುತ್ತಾರೆ. ವಯಸ್ಸಾದವರಲ್ಲಿ ರಕ್ತನಾಳ ಪೆಡಸಾದರೂ ಅಂತರ ಹಿಗ್ಗುತ್ತದೆ. ವಯಸ್ಸು ಚಿಕ್ಕದಾಗಿದ್ದರೆ ಮಾತ್ರ ಮಹಾಪಧಮನಿಯ ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವೇನೋ ಎಂಬ ಅನುಮಾನ ಬರಬೇಕು. ಹೃದಯ ಜೋರಾಗಿ ತಳ್ಳಿದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೇ ಸೋರುವುದರಿಂದ ಒತ್ತಡ ಏರಿದಷ್ಟೇ ರಭಸದಿಂದ ಕುಸಿಯುತ್ತದೆ. 1832ರಲ್ಲಿ ಡಬ್ಲಿನ್‌ನ ಡೊಮಿನಿಕ್ ಕಾರಿಗನ್ ಇಂಥ ರೋಗಿಗಳ ಕುತ್ತಿಗೆಯಲ್ಲಿ ಕುಣಿಯುವ ನಾಡಿಯನ್ನು ವರ್ಣಿಸಿದರು. ಬಿ.ಪಿ. ಯಂತ್ರ ಆಗಿನ್ನೂ ಹುಟ್ಟಿರಲಿಲ್ಲ.

ಒತ್ತಡ ಅಳೆಯುವ ಪ್ರಯತ್ನ ಅದಕ್ಕೂ ಹಳೆಯದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣುಕುದುರೆಯೊಂದನ್ನು ಅಂಗಾತ ಕಟ್ಟಿಹಾಕಿ, ತೊಡೆಯ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಗಾಜಿನ ನಳಿಗೆ ಜೋಡಿಸಿದ್ದರು. ರಕ್ತ ಎಂಟು ಅಡಿ ಮೂರು ಅಂಗುಲ ಮೇಲೇರಿತೆಂದು 1733ರಲ್ಲಿ ಪ್ರಕಟಿಸಿದರು. ಮನುಷ್ಯರಿಗೆ ಒಗ್ಗುವ ತೋಳುಪಟ್ಟಿ ಬಂದದ್ದು 1896ರಲ್ಲಿ, ಇಟಲಿಯ ರಿವಾ ರೊಚ್ಚಿಯಿಂದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಆಲಿಸಿದ ಮೇಲೆ ಕೆಳಗಿನ ಅಂಕಿಯೂ ನಂಬಿಕೆಗೆ ಅರ್ಹವಾಯಿತು.

ಪಟ್ಟಿ ಕೈಗೆ ಬಂದಂತೆ ಒಂದೊಂದು ಹೃದ್ರೋಗಕ್ಕೂ ಒಂದೊಂದು ಗುರುತು ಸಿಕ್ಕಿತು. ಮಹಾಪಧಮನಿಯ ಕವಾಟ ಕಿರಿದಾದವರಲ್ಲಿ ಎರಡು ಅಂಕಿಗಳೂ ಹತ್ತಿರ ಸರಿಯಬಹುದು. ಹೃದಯದ ಸುತ್ತಲ ಚೀಲದಲ್ಲಿ ನೀರು ತುಂಬಿ ಹೃದಯವನ್ನು ಅದುಮಿದರೆ, ಉಸಿರೆಳೆದಾಗಲೆಲ್ಲ ಮೇಲಿನ ಅಂಕಿ ಹತ್ತಕ್ಕಿಂತ ಹೆಚ್ಚು ಇಳಿಯುತ್ತದೆ. ಹುಟ್ಟಿನಿಂದಲೇ ಮಹಾಪಧಮನಿ ಒಂದೆಡೆ ಕಿರಿದಾಗಿದ್ದರೆ ತೋಳಿನಲ್ಲಿ ಒತ್ತಡ ಹೆಚ್ಚು, ಕಾಲಿನಲ್ಲಿ ಕಡಿಮೆ. ಹದಿಹರೆಯದವರ ಬಿ.ಪಿ. ಏರಿದ್ದರೆ ತೊಡೆಸಂದಿಯ ನಾಡಿ ಮುಟ್ಟಿ ನೋಡದೆ ಮಾತ್ರೆ ಬರೆಯುವುದು ಆತುರವೇ ಸರಿ.

ಚಿಕಿತ್ಸೆಯ ಕಥೆ ಮಾತ್ರ ಅಂಕುಡೊಂಕು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕುಸಿದಾಗ ಅವರ ಒತ್ತಡ 300/190. ಇಳಿಸಲು ಒಳ್ಳೆಯ ಔಷಧವೇ ಆಗ ಇರಲಿಲ್ಲ. ಏರಿದ ಒತ್ತಡ ದೇಹಕ್ಕೆ ಬೇಕಾದದ್ದೇ ಎಂದು ನಂಬಿದ ವೈದ್ಯರೂ ಇದ್ದರು. 1948ರಲ್ಲಿ ಶುರುವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. 1967ರಲ್ಲಿ ಎಡ್ವರ್ಡ್ ಫ್ರೈಸ್ ತಂಡದ ಪ್ರಯೋಗ, ಔಷಧದಿಂದ ಜೀವ ಉಳಿಯುತ್ತದೆಂದು ತೋರಿಸಿತು. ಅಲ್ಲಿಂದ ‘ಇಳಿಸಿದಷ್ಟೂ ಒಳ್ಳೆಯದು’ ಎಂಬ ಭರವಸೆ ಬೆಳೆಯಿತು.

ಆ ಭರವಸೆಗೆ ತಡೆ ಒಡ್ಡಿದ್ದು ಹೃದ್ರೋಗಿಗಳೇ. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಅದು ಸಡಿಲಗೊಂಡ ಕ್ಷಣದಲ್ಲಿ. ಆಗ ರಕ್ತವನ್ನು ತಳ್ಳುವುದು ಕೆಳಗಿನ ಅಂಕಿಯ ಒತ್ತಡ. ಹೃದಯದ ರಕ್ತನಾಳ ಕಟ್ಟಿಕೊಂಡವರಲ್ಲಿ ಆ ಅಂಕಿ ತೀರಾ ಇಳಿದರೆ ಪೆಟ್ಟು ಬೀಳಬಹುದೆಂಬ ಎಚ್ಚರಿಕೆ 1980ರ ದಶಕದಲ್ಲೇ ಕೇಳಿಬಂತು. ಇಂಥ 22,672 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಕ್ಲಾರಿಫೈ ಅಧ್ಯಯನದಲ್ಲಿ, 120/70ಕ್ಕಿಂತ ಕೆಳಗಿದ್ದವರಿಗೂ ಅಪಾಯ ಹೆಚ್ಚಿತ್ತು. ಇಳಿದ ಒತ್ತಡವೇ ಕಾರಣವೋ, ಸೋತ ಹೃದಯದ ಗುರುತೋ? ವಾದ ಇನ್ನೂ ಮುಗಿದಿಲ್ಲ.

ಹೃದಯ ವೈಫಲ್ಯದಲ್ಲಿ ಲೆಕ್ಕ ಪೂರ್ತಿ ತಿರುವುಮುರುವು. 2006ರ ಅಮೆರಿಕದ ವರದಿಯೊಂದರ ಪ್ರಕಾರ, ದಾಖಲಾದಾಗ ಮೇಲಿನ ಅಂಕಿ 120ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 7.2 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. 161 ದಾಟಿದ್ದವರಲ್ಲಿ ಶೇ. 1.7 ಮಾತ್ರ. ಒತ್ತಡ ಹುಟ್ಟಿಸುವ ಕಸುವಾದರೂ ಆ ಹೃದಯಗಳಲ್ಲಿ ಉಳಿದಿತ್ತಲ್ಲ! ತಮಾಷೆಯೆಂದರೆ, ಒತ್ತಡ ಇಳಿಸುವ ಎನಲಾಪ್ರಿಲ್ ಮಾತ್ರೆಯೇ ಇಂಥ ರೋಗಿಗಳ ಆಯುಷ್ಯ ಹೆಚ್ಚಿಸುತ್ತದೆಂದು 1987ರಲ್ಲೇ ರುಜುವಾತಾಗಿತ್ತು. ಹಾಗಾಗಿ 100/60 ಕಂಡ ಕೂಡಲೇ ತಾವಾಗಿಯೇ ಮಾತ್ರೆ ಬಿಡುವುದು ದೊಡ್ಡ ತಪ್ಪು.

ಮೇಲಿನ ಅಂಕಿಯನ್ನು 120ರ ಕೆಳಗಿಡುವುದು ಲಾಭವೆಂದ 2015ರ ಸ್ಪ್ರಿಂಟ್ ಪ್ರಯೋಗ ಇಂದು ಎಲ್ಲರ ಬಾಯಲ್ಲಿದೆ. ಆದರೆ ಮಧುಮೇಹಿಗಳನ್ನೂ, ಪಾರ್ಶ್ವವಾಯು ಆಗಿದ್ದವರನ್ನೂ, ಆಗಷ್ಟೇ ಹೃದಯ ವೈಫಲ್ಯದಿಂದ ನರಳಿದ್ದವರನ್ನೂ ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಬಿ.ಪಿ. ಚೀಟಿಯ ಜೊತೆ, ನಿಮ್ಮ ಹೃದಯದ ಸ್ಥಿತಿ ಹೇಳುವ ಹಳೆಯ ಎಕೋ ವರದಿಯನ್ನೂ ಕೈಚೀಲಕ್ಕೆ ಹಾಕಿಕೊಳ್ಳಿ.